ಹತ್ತೊಂಬತ್ತರಲ್ಲಿ ಒಂಬತ್ತು

ಸಾಗರ ತಾಲ್ಲೂಕಿನ ಒಂದು ಹಳ್ಳಿಮನೆ. ಮೇ ತಿಂಗಳು. ಹಿತ್ತಲಿನ ಗೂಡು ಕಟ್ಟಿದ್ದು ಹತ್ತು ಕೋಳಿಗೆ, ಅದರಲ್ಲಿದ್ದವು 19. ಮಲೆನಾಡಿನ ಮಳೆ ಹಿಡಿಯಿತೆಂದರೆ ಕೋಳಿಗಳು ಹಗಲೂ ಗೂಡಿನಲ್ಲೇ ಮುದುರಿ ಕೂರುತ್ತವೆ. ಒತ್ತೊತ್ತಾಗಿದ್ದರೆ ನೆಲ ಒದ್ದೆಯಾಗಿ ಮರಿಗಳಿಗೆ ರಕ್ತಭೇದಿ ತಗಲುತ್ತದೆ. ಒಂಬತ್ತು ಹೋಗಲೇಬೇಕು. ಯಾವ ಒಂಬತ್ತು?

ಪಟ್ಟಿ ಮಾಡುವ ಕೆಲಸ ಒಂಬತ್ತನೇ ತರಗತಿಯ ಮೊಮ್ಮಗಳಿಗೆ ಬಿತ್ತು. ಜನವರಿಯಿಂದ ಮೊಟ್ಟೆಯ ಲೆಕ್ಕ ಬರೆದಿಟ್ಟವಳು ಅವಳೇ. ಹುಂಜಗಳ ವಿಷಯದಲ್ಲಿ ತಲೆನೋವಿರಲಿಲ್ಲ. ಒಂಬತ್ತು ಹೇಂಟೆಗೆ ಒಂದು ಹುಂಜ ಸಾಕು. ಐದರಲ್ಲಿ ನಾಲ್ಕು ಪಟ್ಟಿ ಸೇರಿದವು. ಉಳಿದ 14 ಹೇಂಟೆಗಳಲ್ಲಿ ಐದನ್ನು ಆರಿಸುವಾಗ ಪುಸ್ತಕ ಕೈಕೊಟ್ಟಿತು. ದಿನಕ್ಕೆ ಎಷ್ಟು ಮೊಟ್ಟೆ ಎಂದು ಅದರಲ್ಲಿತ್ತೇ ಹೊರತು ಯಾವ ಕೋಳಿಯದು ಎಂದಿರಲಿಲ್ಲ.

"ಕಣ್ಣಲ್ಲಿ ನೋಡಿದ್ರೆ ಆಗ್ಲಿಲ್ಲ, ಬೆರಳಲ್ಲಿ ನೋಡ್ಬೇಕು" ಎಂದರು ಅಜ್ಜಿ. ರಾತ್ರಿ ಟಾರ್ಚ್ ಹಿಡಿದು ಇಬ್ಬರೂ ಗೂಡಿಗೆ ಹೋದರು. ಕತ್ತಲಲ್ಲಿ ಕೋಳಿ ಗಲಾಟೆ ಮಾಡುವುದಿಲ್ಲ, ಎತ್ತಿಕೊಳ್ಳುವುದು ಸುಲಭ. ಮೊಟ್ಟೆ ಬರುವ ದ್ವಾರದ ಎರಡೂ ಪಕ್ಕ ಚೂಪಾದ ಮೂಳೆಗಳಿವೆ. ಮೊಟ್ಟೆ ಇಡುತ್ತಿರುವ ಹೇಂಟೆಯಲ್ಲಿ ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತವೆ, ದ್ವಾರ ಅಗಲವಾಗಿ ಒದ್ದೆಯಾಗಿರುತ್ತದೆ. ನಿಲ್ಲಿಸಿದ್ದರಲ್ಲಿ ಒಂದು ಬೆರಳು ಹಿಡಿಸುವುದೇ ಕಷ್ಟ. ಜುಟ್ಟೂ ಮಾಸಲಾಗಿ ಸುಕ್ಕಾಗಿರುತ್ತದೆ.

ಹಳದಿ ಕಾಲಿನ ಕೋಳಿಯಲ್ಲಿ ಕಾಲೂ ಸಾಕ್ಷಿ ಹೇಳುತ್ತದೆ. ಮೆಕ್ಕೆಜೋಳ, ಸೊಪ್ಪುಗಳಲ್ಲಿರುವ ಕ್ಸ್ಯಾಂಥೋಫಿಲ್ ಎಂಬ ಬಣ್ಣ ಚರ್ಮದಲ್ಲಿ ಸೇರಿರುತ್ತದೆ. ಮೊಟ್ಟೆ ಶುರುವಾದರೆ ಆ ಬಣ್ಣವೆಲ್ಲ ಮೊಟ್ಟೆಯ ಹಳದಿಗೆ ಖರ್ಚು. ಮೊದಲು ದ್ವಾರದ ಸುತ್ತ, ಆಮೇಲೆ ಕಣ್ಣಂಚು, ಕೊಕ್ಕು, ಕೊನೆಗೆ ಕಾಲು ಬಿಳಿಚುತ್ತವೆ. (ಈ ಹಳದಿ ಚರ್ಮದ ಗುಣ ಸಾಕುಕೋಳಿಗೆ ಬಂದದ್ದು ನಮ್ಮ ಘಟ್ಟದ ಕಾಡಿನಲ್ಲೂ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು.)

ಅವಳು ಮೊದಲು ಬರೆದದ್ದು ಮುದಿ ಕರಿಹೇಂಟೆಯನ್ನು. ಮೂಳೆ ಬಿಗಿ, ಜುಟ್ಟು ಮಾಸಲು. ಅಜ್ಜಿ ಹೊಡೆದುಹಾಕಿಸಿದರು. "ಅದು ಈಗಷ್ಟೇ ಕಾವಿನಿಂದ ಎದ್ದದ್ದು. ಮರಿ ಮಾಡಿದ ಕೋಳಿ ಮೊಟ್ಟೆ ಎಲ್ಲಿಂದ ಇಡ್ತದೆ?" ಆ ಮನೆಯಲ್ಲಿ ಗಿರಿರಾಜ ಕೋಳಿಗಳೂ ಇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಈ ತಳಿ ನಾಟಿ ಕೋಳಿಗಿಂತ ಹೆಚ್ಚು ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರುವುದರಲ್ಲಿ ಸೋಮಾರಿ. ಅದರ ಮೊಟ್ಟೆಯ ಮೇಲೆ 21 ದಿನ ಕೂರುವುದು ಕರಿಹೇಂಟೆ. ಗಿಡುಗ ಬಂದರೆ ಮೊದಲು ಕೂಗುವುದೂ ಅದೇ. ಇದಕ್ಕೆಲ್ಲ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ನಾಲ್ಕು ಹೇಂಟೆಗಳು ಗೊತ್ತಾದವು. ಐದನೆಯದು ರಾಣಿ. ತಾಯಿ ಬಿಟ್ಟುಹೋದ ಮರಿಯನ್ನು ಬುಟ್ಟಿಯಲ್ಲಿ, ಬಲ್ಬಿನ ಕೆಳಗಿಟ್ಟು ಹುಡುಗಿಯೇ ಸಾಕಿದ್ದಳು. ಮಿರಿಮಿರಿ ಮಿಂಚುವ ಗರಿ, ಅರಿಶಿನ ಬಳಿದಂಥ ಕಾಲು. ನೋಡಿದವರೆಲ್ಲ ಹೊಗಳುವ ಕೋಳಿ. ಒಂದು ಬೆರಳೂ ಹಿಡಿಸಲಿಲ್ಲ. ಪುಕ್ಕ ಹರಿದು ಗುಡಿಸುವ ಪೊರಕೆಯಂತಾಗಿದ್ದ ಪಕ್ಕದ ಹೇಂಟೆಯಲ್ಲಿ ಸಲೀಸಾಗಿ ಮೂರು. ಬಿಡದೆ ಮೊಟ್ಟೆ ಇಡುವ ಕೋಳಿ ಹಳೆಯ ಗರಿಯನ್ನು ಬೇಗ ಬದಲಿಸುವುದಿಲ್ಲ, ಅದಕ್ಕೇ ಆ ಅವತಾರ.

ಹುಡುಗಿ ಒಪ್ಪಲಿಲ್ಲ. ಗರಿ ಉದುರಿಸುತ್ತಿದೆಯೋ ಎಂದು ಹುಡುಕಿದಳು, ಇಲ್ಲ. ಹತ್ತು ದಿನ ಬಿಟ್ಟು ಮತ್ತೆ ನೋಡಿದಳು. ಒಂದೇ ಪರೀಕ್ಷೆಯನ್ನು ನಂಬದಿದ್ದದ್ದು ಒಳ್ಳೆಯದೇ, ಆದರೆ ಉತ್ತರ ಬದಲಾಗಲಿಲ್ಲ. ಅಜ್ಜಿ ಸಮಾಧಾನವನ್ನೂ ಹೇಳಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. "ಪಟ್ಟಿ ನಿಂದು" ಎಂದಷ್ಟೇ ಹೇಳಿ ಒಳಗೆ ಹೋದರು. ತಂದೆ ತಾಯಂದಿರಲ್ಲಿ ಎಷ್ಟು ಮಂದಿಗೆ ಇಷ್ಟು ಸುಮ್ಮನಿರಲು ಬರುತ್ತದೆ?

ಸಂತೆಯಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದದ್ದೂ ರಾಣಿಯೇ. ವಯಸ್ಸಾದ ಹೆಂಗಸೊಬ್ಬರು ಅದನ್ನು ಎತ್ತಿಕೊಂಡು ಬೆನ್ನು ಸವರಿದರು.

"ಎಷ್ಟು ಚೆಂದ ಇದೆ! ಸಾಕೋಕೆ ಬೇಕಾಗಿತ್ತು. ಮೊಟ್ಟೆ ಇಡ್ತದಾ ಮಗಾ?"

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ಚಿಲ್ಲರೆ ಎಣಿಸುತ್ತಿದ್ದರು.

"ಇಲ್ಲ ಅಜ್ಜಿ, ಇಡೋದಿಲ್ಲ" ಎಂದಳು.

ಹೆಂಗಸು ರಾಣಿಯನ್ನು ಮೆತ್ತಗೆ ಕೆಳಗಿಟ್ಟು, ಮುಂದಿನ ಬುಟ್ಟಿಯ ಕಡೆ ನಡೆದರು. ಹಿಂದೆ ನಿಂತಿದ್ದ ಹೋಟೆಲಿನವರು ತಕ್ಕಡಿ ತೆಗೆದರು.