ಗಿಬ್ ನದಿ ರಸ್ತೆಯ ಸಣ್ಣ ಅಲೆಗಳು

ಆಸ್ಟ್ರೇಲಿಯದ ವಾಯವ್ಯ ಮೂಲೆಯಲ್ಲಿ ಕಿಂಬರ್ಲಿ ಎಂಬ ಸೀಮೆಯಿದೆ. ವಿಸ್ತೀರ್ಣದಲ್ಲಿ ಕರ್ನಾಟಕದ ಎರಡರಷ್ಟಕ್ಕೂ ಹೆಚ್ಚು. ಜನಸಂಖ್ಯೆ ಮಾತ್ರ ನಮ್ಮ ಒಂದು ಸಾಧಾರಣ ತಾಲ್ಲೂಕಿನಷ್ಟೂ ಇಲ್ಲ. ಕೆಂಪು ಮಣ್ಣು, ಕೆಂಪು ಬಂಡೆ, ನಡುನಡುವೆ ಹೊಟ್ಟೆ ಉಬ್ಬಿಸಿಕೊಂಡು ನಿಂತ ಬೋಆಬ್ ಮರಗಳು. ಸವಣೂರಿನ ದೊಡ್ಡಹುಣಸೆ ಮರಗಳನ್ನು ಕಂಡವರಿಗೆ ಇವುಗಳ ಗುರುತು ಹತ್ತುವುದು ಕಷ್ಟವಲ್ಲ. ಎರಡೂ ಒಂದೇ ಕುಲದವು.

ಈ ಸೀಮೆಯನ್ನು ಸೀಳಿಕೊಂಡು ಹೋಗುವುದೇ ಗಿಬ್ ರಿವರ್ ರೋಡ್. ಪಶ್ಚಿಮದ ಡರ್ಬಿ ಪಟ್ಟಣದಿಂದ ಪೂರ್ವದ ಕುನುನುರಾ ಕಡೆಗೆ ಇದರ ಉದ್ದ ಸುಮಾರು 660 ಕಿ.ಮೀ. ಒಳನಾಡಿನ ಫಾರಂಗಳಲ್ಲಿ ಬೆಳೆದ ದನಗಳನ್ನು ಡರ್ಬಿ, ವಿಂಡಮ್ ಬಂದರುಗಳಿಗೆ ಸಾಗಿಸಲೆಂದು 1960ರ ದಶಕದಲ್ಲಿ ಈ ರಸ್ತೆಯನ್ನು ಮಾಡಿದರು. ಎರಡೂ ತುದಿಗಳಲ್ಲಿ ಒಂದಷ್ಟು ದೂರ ಡಾಂಬರು ಬಿದ್ದಿದೆ; ನಡುವೆ ಬಹುಪಾಲು ಮಣ್ಣು, ಜಲ್ಲಿ. ಮಳೆಗಾಲದಲ್ಲಿ ಹೊಳೆಗಳು ಉಕ್ಕಿ ರಸ್ತೆ ಮುಚ್ಚಿಹೋಗುತ್ತದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಒಣ ಕಾಲದಲ್ಲಿ ಜೀಪಿನ ಹಿಂದೆ ಟ್ರೇಲರ್ ಕಟ್ಟಿಕೊಂಡು, ಅದರಲ್ಲಿ ಗುಡಾರ, ನೀರು, ದಿನಸಿ ತುಂಬಿಕೊಂಡು ಪ್ರವಾಸಿಗಳು ಇತ್ತ ಬರುತ್ತಾರೆ. ಬಂದವರೆಲ್ಲರ ಟ್ರೇಲರ್‌ಗಳು ಆ ತುದಿ ಮುಟ್ಟುವುದಿಲ್ಲ!

ಮುರಿಯುವುದು ಯಾವುದೋ ದೊಡ್ಡ ಗುಂಡಿಗೆ ಬಿದ್ದು ಎಂದು ಹೊಸಬರು ಭಾವಿಸುತ್ತಾರೆ. ಗುಂಡಿ ದೂರದಿಂದಲೇ ಕಾಣುತ್ತದೆ, ಚಾಲಕ ವೇಗ ತಗ್ಗಿಸುತ್ತಾನೆ. ನಿಜವಾದ ಶತ್ರು ಸಣ್ಣದು. ರಸ್ತೆಗೆ ಅಡ್ಡಲಾಗಿ, ತಗಡಿನ ಚಾವಣಿಯ ಏರಿಳಿತದಂತೆ, ಸಾಲುಸಾಲಾಗಿ ಎದ್ದಿರುವ ಮಣ್ಣಿನ ಅಲೆಗಳು. ಒಂದು ಅಲೆಯಿಂದ ಇನ್ನೊಂದಕ್ಕೆ 80 ಸೆಂ.ಮೀ. ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಗಾಲಿಗೆ ಸೆಕೆಂಡಿಗೆ ಸುಮಾರು 21 ಪೆಟ್ಟು. ಗಂಟೆಗೆ 75,000. ಐದು ಗಂಟೆ ಓಡಿದರೆ ಮೂರೂಮುಕ್ಕಾಲು ಲಕ್ಷ!

ಈ ಅಲೆಗಳನ್ನು ಯಾರೂ ಮಾಡುವುದಿಲ್ಲ, ಗಾಲಿಗಳೇ ಮಾಡುತ್ತವೆ. 2007ರಲ್ಲಿ ಟಾಬರ್ಲೆ, ಮಾರಿಸ್, ಮೆಕೆಲ್ವೇನ್ ಎಂಬ ಮೂವರು ಭೌತವಿಜ್ಞಾನಿಗಳು, ಸುತ್ತುವ ಮೇಜಿನ ಮೇಲೆ ಮರಳು ಹರಡಿ, ಅದರ ಮೇಲೊಂದು ಗಾಲಿಯನ್ನು ಉರುಳಿಸಿ ನೋಡಿದ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ನಿಧಾನವಾಗಿ ಉರುಳಿಸಿದರೆ ಮರಳು ಸಮತಟ್ಟಾಗಿಯೇ ಉಳಿಯಿತು. ಒಂದು ಮಿತಿ ದಾಟಿದೊಡನೆ ಅಲೆಗಳೆದ್ದವು. ಸಣ್ಣ ಉಬ್ಬನ್ನು ಹತ್ತಿ ಹಾರಿದ ಗಾಲಿ ಮುಂದೆ ಬಿದ್ದಲ್ಲಿ ತಗ್ಗು ಮಾಡುತ್ತದೆ. ಆ ತಗ್ಗು ಮುಂದಿನ ಉಬ್ಬಿಗೆ ಕಾರಣ. ಕಾರುಗಳ ಲೆಕ್ಕದಲ್ಲಿ ಆ ಮಿತಿ ಮನುಷ್ಯ ಬಿರಬಿರನೆ ನಡೆಯುವ ವೇಗಕ್ಕಿಂತ ಬಹಳ ಹೆಚ್ಚೇನಲ್ಲ. 660 ಕಿ.ಮೀ. ದಾರಿಯನ್ನು ಆ ವೇಗದಲ್ಲಿ ಸವೆಸುವವರುಂಟೇ?

ಪೆಟ್ಟು ಜೀಪಿಗೂ ಬೀಳುತ್ತದೆ, ಆದರೆ ಹೆಚ್ಚು ಬಳಲುವುದು ಟ್ರೇಲರ್. ಜೀಪಿನಲ್ಲಿ ಮನುಷ್ಯರಿದ್ದಾರೆ; ಬೆನ್ನು ನೊಂದರೆ ಕೂಗುತ್ತಾರೆ. ಹಿಂದೆ ಧೂಳಿನೊಳಗೆ ಕುಣಿಯುತ್ತ ಬರುವ ಟ್ರೇಲರಿಗೆ ಬಾಯಿಲ್ಲ. ಎಷ್ಟೋ ಟ್ರೇಲರ್‌ಗಳಿಗೆ ಶಾಕ್ ಅಬ್ಸಾರ್ಬರ್ ಇರುವುದಿಲ್ಲ. ಇದ್ದರೂ ಅದರ ಕೆಲಸ ಕುಲುಕಾಟವನ್ನು ಶಾಖವಾಗಿ ಬದಲಿಸುವುದು. ಬಿಡುವಿಲ್ಲದೆ ದುಡಿದರೆ ಒಳಗಿನ ಎಣ್ಣೆ ಕಾದು, ತೆಳುವಾಗಿ, ಹಿಡಿತ ಕಳೆದುಕೊಳ್ಳುತ್ತದೆ. ಆಮೇಲೆ ಎಲ್ಲ ಪೆಟ್ಟೂ ಕಮಾನು ಪಟ್ಟಿಗೆ, ಅಚ್ಚಿಗೆ.

ಲೋಹ ದಣಿಯುತ್ತದೆ. ಗುಂಡುಸೂಜಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿದ ಮಕ್ಕಳಿಗೆಲ್ಲ ಇದು ಗೊತ್ತು. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲು ಎಂಜಿನ್ನಿನ ಅಚ್ಚು ಮುರಿದು ಘೋರ ಅಪಘಾತವಾದ ಮೇಲೆ ಎಂಜಿನಿಯರುಗಳು ಈ ದಣಿವಿನ ಬೆನ್ನುಹತ್ತಿದರು. ಪ್ರಷ್ಯದ ಆಗಸ್ಟ್ ವೋಲರ್ ಮುಂದೆ ವರ್ಷಗಟ್ಟಲೆ ರೈಲುಗಾಡಿಯ ಅಚ್ಚುಗಳನ್ನು ಪರೀಕ್ಷಿಸಿ, ಒಂದೇ ಸಲ ಹಾಕಿದರೆ ಏನೂ ಮಾಡದ ಭಾರ ಲಕ್ಷಾಂತರ ಸಲ ಮರುಕಳಿಸಿದರೆ ಉಕ್ಕನ್ನು ಮುರಿಯುತ್ತದೆಂದು ತೋರಿಸಿದ. ಗಿಬ್ ರಸ್ತೆಯಲ್ಲಿ ಮುರಿದ ಅಚ್ಚಿನ ಕೊನೆಯನ್ನು ನೋಡಿದರೆ ಈ ಕಥೆಯನ್ನು ಓದಬಹುದು. ಒಂದು ಭಾಗ ನಯವಾಗಿ, ಮಾಸಿದ ಬಣ್ಣದಲ್ಲಿರುತ್ತದೆ. ಬಿರುಕು ಅಲ್ಲಿ ದಿನಗಳಿಂದ ಮೆಲ್ಲಗೆ ಬೆಳೆದಿತ್ತು. ಉಳಿದ ಭಾಗ ಒರಟು, ಹೊಳಪು. ಅದು ಮುರಿದದ್ದು ಒಂದು ಕ್ಷಣದಲ್ಲಿ.

ಆದ್ದರಿಂದ ಅನುಭವಸ್ಥರು ಡಾಂಬರು ಮುಗಿಯುವಲ್ಲೇ ಇಳಿದು ಟೈರಿನ ಗಾಳಿ ಬಿಡುತ್ತಾರೆ. 40 ಪೌಂಡ್ ಇದ್ದುದನ್ನು 28ರ ಆಸುಪಾಸಿಗೆ ತರುತ್ತಾರೆ. ಮೆದುವಾದ ಟೈರೇ ಮೊದಲ ಸ್ಪ್ರಿಂಗ್ ಆಗುತ್ತದೆ. ಗಾಳಿ ಕಡಿಮೆಯಾದಷ್ಟೂ ವೇಗವೂ ಕಡಿಮೆಯಾಗಬೇಕು, ಇಲ್ಲದಿದ್ದರೆ ಟೈರೇ ಕಾದು ಹರಿಯುತ್ತದೆ. ಗಂಟೆಗೊಮ್ಮೆ ನಿಲ್ಲಿಸಿ ಗಾಲಿಯ ನಟ್ಟುಗಳನ್ನು ಬಿಗಿ ನೋಡುತ್ತಾರೆ, ಕಮಾನು ಪಟ್ಟಿಗಳ ಮೇಲೆ ತುಕ್ಕಿನ ಗೆರೆಯೊಂದು ಹೊಸದಾಗಿ ಕಂಡೀತೇ ಎಂದು ಬಗ್ಗಿ ಹುಡುಕುತ್ತಾರೆ, ಅಂಗೈಯ ಹಿಂಭಾಗವನ್ನು ಹಬ್ಬಿನ ಹತ್ತಿರ ಹಿಡಿದು ಶಾಖ ನೋಡುತ್ತಾರೆ. ಒಂದು ಗಾಲಿ ಮಾತ್ರ ಬೇರೆಯದಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅದರ ಬೇರಿಂಗ್ ಕೆಡುತ್ತಿದೆ ಎಂದರ್ಥ.

ಇಷ್ಟಾದರೂ ಮುರಿದರೆ? ಮುಖ್ಯ ಪಟ್ಟಿ ತುಂಡಾದಾಗ ಆ ಬದಿಯ ಅಚ್ಚು ಹಿಂದಕ್ಕೆ ಸರಿದು ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿಯ ಕೆಳಗೆ ಹಲಗೆಯಿಟ್ಟು ಚಾಸಿಯನ್ನು ಎತ್ತಬೇಕು. ಜಾಕಿಯೊಂದನ್ನೇ ನಂಬಿ ಟ್ರೇಲರಿನಡಿ ತೂರಬಾರದು. ಅಚ್ಚು ಮತ್ತು ಚಾಸಿಯ ನಡುವೆ ಮರದ ತುಂಡು ಕೊಟ್ಟು, ಅಚ್ಚನ್ನು ಮುಂದಕ್ಕೆಳೆದು ಸರಪಳಿಯಿಂದ ಬಿಗಿದರೆ ಗಂಟೆಗೆ 15–20 ಕಿ.ಮೀ.ನಲ್ಲಿ ತೆವಳಬಹುದು. ಅಚ್ಚಿನ ತುದಿಯೇ ಮುರಿದು ಗಾಲಿ ಕಳಚಿದರೆ ಕೆಲಸ ಕಠಿಣ. ನಾಲ್ಕು ಗಾಲಿಯ ಟ್ರೇಲರಾದರೆ ಮುರಿದ ಮೂಲೆಯನ್ನು ಮೇಲಕ್ಕೆ ಕಟ್ಟಿ ಮೂರರ ಮೇಲೆ ಸಾಗಿಸುತ್ತಾರೆ. ಎರಡೇ ಗಾಲಿಯದಾದರೆ ದನಗಾಹಿಗಳ ಹಳೆಯ ಉಪಾಯವೊಂದಿದೆ. ದಪ್ಪ ಮರದ ಮುಂತುದಿಯನ್ನು ಚಾಸಿಗೆ, ನಡುಭಾಗವನ್ನು ಅಚ್ಚಿನ ಕೆಳಗೆ ಬಿಗಿದು, ಹಿಂತುದಿ ನೆಲದ ಮೇಲೆ ಜಾರುವಂತೆ ಬಿಡುವುದು. ಹತ್ತಾರು ಕಿ.ಮೀ. ದಾಟಲು ಸಾಕು, ಹೆಚ್ಚಿಗೆ ಆಗದು.

ಅದೂ ಆಗದಿದ್ದರೆ ಸಾಮಾನಿನ ಆಸೆ ಬಿಡಬೇಕು. ಡರ್ಬಿ ಬಿಟ್ಟು ಸುಮಾರು 300 ಕಿ.ಮೀ. ಬಂದರೆ ಮೌಂಟ್ ಬಾರ್ನೆಟ್ ರೋಡ್‌ಹೌಸಿನಲ್ಲಿ ಪೆಟ್ರೋಲು ಸಿಗುತ್ತದೆ. ಅಂಥ ತಾಣಗಳು ಬೆರಳೆಣಿಕೆಯಷ್ಟು. ಟ್ರೇಲರನ್ನು ರಸ್ತೆಯಂಚಿಗೆ ಸರಿಸಿ, ನೀರಿನ ಕ್ಯಾನುಗಳನ್ನೆಲ್ಲ ಜೀಪಿಗೆ ಹಾಕಿಕೊಂಡು ಹೊರಡುವುದೇ ಕ್ಷೇಮ. ಜೀಪೇ ನಿಂತುಹೋದರೆ ಅದನ್ನು ಬಿಟ್ಟು ನಡೆಯಕೂಡದು. ಹುಡುಕಿಕೊಂಡು ಬರುವವರಿಗೆ ಮನುಷ್ಯನಿಗಿಂತ ವಾಹನ ಬೇಗ ಕಾಣುತ್ತದೆ, ಅದರ ನೆರಳೂ ಉಪಯೋಗಕ್ಕೆ ಬರುತ್ತದೆ.

ಪೂರ್ವದ ತುದಿ ಹತ್ತಿರವಾದಾಗ ಪೆಂಟೆಕೋಸ್ಟ್ ನದಿ ಅಡ್ಡ ಬರುತ್ತದೆ. ಆಚೆ ಕಾಕ್‌ಬರ್ನ್ ಬೆಟ್ಟಸಾಲಿನ ಕೆಂಪು ಗೋಡೆ, ಸಂಜೆಯ ಬಿಸಿಲಿನಲ್ಲಿ ಕೆಂಡದಂತೆ ಕಾಣುತ್ತದೆ. ಸೇತುವೆಯಿಲ್ಲ, ನೀರೊಳಗಿನ ಕಲ್ಲುಗಳ ಮೇಲೆಯೇ ದಾಟಬೇಕು. ಬೇರೆ ಹೊಳೆಗಳಲ್ಲಿ ಮೊದಲು ಒಬ್ಬರು ನಡೆದು ಆಳ ನೋಡುವುದುಂಟು. ಇಲ್ಲಿ ಹಾಗೆ ಮಾಡುವಂತಿಲ್ಲ, ಈ ನದಿಯಲ್ಲಿ ದೊಡ್ಡ ಜಾತಿಯ ಉಪ್ಪುನೀರಿನ ಮೊಸಳೆಗಳಿವೆ. ನಡುನೀರಿನಲ್ಲಿ ಅಚ್ಚು ಮುರಿದರೆ ಇಳಿದು ರಿಪೇರಿ ಮಾಡುವ ಮಾತೇ ಇಲ್ಲ.

ಅವಸರಪಟ್ಟರೆ ಇನ್ನೊಂದು ಅಪಾಯವಿದೆ. ದಿನವಿಡೀ ಓಡಿ ಕಾದ ಹಬ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗಿ, ನೂರಾರು ಕಿ.ಮೀ. ಆಚೆ ಬೇರಿಂಗ್ ಸಿಕ್ಕಿಕೊಳ್ಳುತ್ತದೆ. ಬಲ್ಲವರು ಅದಕ್ಕೇ ಈಚೆ ದಡದಲ್ಲಿ, ನೀರಿನಿಂದ ದೂರದಲ್ಲಿ, ಟ್ರೇಲರ್ ನಿಲ್ಲಿಸಿ ಒಲೆ ಹಚ್ಚಿ ಟೀಗೆ ನೀರಿಡುತ್ತಾರೆ. ಟೀ ಕುಡಿದು ಮುಗಿಸಿ ಹಬ್ಬಿನ ಮೇಲೆ ಕೈಯಿಟ್ಟು ನೋಡುತ್ತಾರೆ. ಇನ್ನೂ ಬಿಸಿಯಿದ್ದರೆ ಇನ್ನೊಂದು ಲೋಟ.