ವನದುರ್ಗದ ದಾರಿಯ ಕನ್ನಡಿ ಉಡುಗೆ

ಮಲಗಿದ ಬುದ್ಧನನ್ನು ಹೋಲುವ ಶಹಾಪುರದ ಬೆಟ್ಟ ಹಿಂದುಳಿದ ಮೇಲೆ, ಎರೆಭೂಮಿಯ ನಡುವೆ ಸುರಪುರದ ನಾಯಕರ ಕಾಲದ ವನದುರ್ಗದ ಕೋಟೆ ಎದುರಾಗುತ್ತದೆ. ಆದರೆ ಈ ಸೀಮೆಯಲ್ಲಿ ಪ್ರಯಾಣಿಕನ ಕಣ್ಣನ್ನು ಕೋಟೆಗಿಂತ ಮೊದಲು ಸೆಳೆಯುವುದು ಹತ್ತಿಯ ಹೊಲದಲ್ಲಿ ಫಳಕ್ಕನೆ ಹೊಳೆಯುವ ಕನ್ನಡಿ ಬಿಲ್ಲೆಗಳು. ಅದು ತಾಂಡಾದ ಲಂಬಾಣಿ ಮುದುಕಿಯರ ಉಡುಗೆ.

ಊರಿನ ಹೆಂಗಸರು ಇಳಕಲ್ಲ ಸೀರೆಗೆ ಖಣದ ಕುಪ್ಪಸ ತೊಟ್ಟರೆ, ಇವರದು ನೆರಿಗೆ ತುಂಬಿದ ಫೇಟಿಯಾ ಎಂಬ ಲಂಗ, ಬೆನ್ನಿಗೆ ದಾರದಿಂದ ಬಿಗಿದ ಕಾಂಚಳಿ, ತಲೆಯಿಂದಿಳಿದ ಮೇಲುಹೊದಿಕೆ. ಎಲ್ಲಕ್ಕೂ ಕನ್ನಡಿ, ಕವಡೆ, ನಾಣ್ಯಗಳ ಕಸೂತಿ. ಕೆನ್ನೆಯ ಬದಿಗೆ ಜೋಲುವ ಬೆಳ್ಳಿಯ ಘೂಗರಿ ಮುತ್ತೈದೆತನದ ಗುರುತು. ದೂರದ ಲೆಬನಾನಿನ ಬೆಟ್ಟಗಳಲ್ಲಿ ದ್ರೂಜ್ ಜನಾಂಗದ ವಿವಾಹಿತೆಯರು 19ನೆಯ ಶತಮಾನದವರೆಗೆ ತಲೆಯ ಮೇಲೆ ಧರಿಸುತ್ತಿದ್ದ ಬೆಳ್ಳಿಯ ಕೊಂಬಿನಂತೆ, ಇದೂ ನೋಡಿದವರಿಗೆ ಹೆಣ್ಣಿನ ಬಾಳನ್ನು ಅರುಹುತ್ತದೆ.

ಇಷ್ಟು ಭಾರವನ್ನು ಮೈಮೇಲೆ ಹೊತ್ತುದೇಕೆ? ಲಂಬಾಣಿಗಳ ಬಾಳು ದಾರಿಯ ಬಾಳಾಗಿತ್ತು. ಎತ್ತಿನ ಹಿಂಡುಗಳ ಮೇಲೆ ಉಪ್ಪು, ದವಸ ಹೇರಿ, ದಖ್ಖನ್ನಿಗೆ ಬಂದ ಮೊಗಲ ದಂಡುಗಳಿಗೂ ಅವರು ಆಹಾರ ಒದಗಿಸುತ್ತಿದ್ದರು. 1705ರಲ್ಲಿ ಔರಂಗಜೇಬನು ಮುತ್ತಿದ ವಾಗಣಗೇರಾ ಸುರಪುರದ ಮಗ್ಗುಲಲ್ಲೇ ಇದೆ. ನಿಲ್ಲದೆ ಸಾಗುವವರಿಗೆ ಗೋಡೆಯೆಲ್ಲಿ, ತಿಜೋರಿಯೆಲ್ಲಿ? ಹೆಣ್ಣಿನ ಉಡುಗೆಯೇ ಮನೆಯ ಸಿಂಗಾರವಾಯಿತು. ಅವಳ ಒಡವೆಯೇ ಮನೆತನದ ಗಂಟಾಯಿತು.

1871ರಲ್ಲಿ ಮುಂಬಯಿ ಮತ್ತು ಮದ್ರಾಸಿನ ರೈಲುಹಳಿಗಳು ರಾಯಚೂರಿನಲ್ಲಿ ಕೂಡಿಕೊಂಡವು. ಯಾದಗಿರಿಯ ಮೇಲೆ ಹಾದ ಆ ಹಳಿ ಎತ್ತಿನ ವ್ಯಾಪಾರವನ್ನು ನುಂಗಿತು. ಅದೇ ವರ್ಷ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಕೆಲವು ಪ್ರಾಂತಗಳಲ್ಲಿ ಲಂಬಾಣಿಗಳ ಹೆಸರೂ ಆ ಪಟ್ಟಿಯನ್ನು ಸೇರಿತು. ದೂರದಿಂದಲೇ ಗುರುತು ಹೇಳುವ ಉಡುಗೆ ಆಗ ಸಂಶಯದ ಗುರುತೂ ಆಯಿತು. ಆ ಕಾಯಿದೆ ರದ್ದಾದುದು 1952ರಲ್ಲಿ.

ಇಂದು ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯುಂಟು. ನಗರದ ಅಂಗಡಿಗಳಲ್ಲಿ ಅದರ ಕೈಚೀಲಗಳಿಗೆ ಬೇಡಿಕೆಯುಂಟು. ತಾಂಡಾದ ಸೊಸೆಯಂದಿರು ಮಾತ್ರ ಸೀರೆಗೆ ಹೊರಳಿದ್ದಾರೆ, ಮೊಮ್ಮಕ್ಕಳು ಚೂಡಿದಾರಕ್ಕೆ. ಪುಣೆ, ಬೆಂಗಳೂರುಗಳಿಗೆ ಗುಳೆ ಹೋಗಿ ಕಲ್ಲು ಮಣ್ಣು ಹೊರುವವರಿಗೆ ಕನ್ನಡಿಯ ಲಂಗ ಭಾರ. ಅಪರಿಚಿತರ ದೃಷ್ಟಿ ಅದಕ್ಕಿಂತಲೂ ಭಾರ. ಅವರನ್ನು ದೂಷಿಸುವುದು ಸಲ್ಲದು.

ಆದರೂ ಶ್ರಾವಣದ ತೀಜ್ ಹಬ್ಬದಲ್ಲಿ, ಗೋಧಿಯ ಮೊಳಕೆಯ ಬುಟ್ಟಿ ಹೊತ್ತು ಕನ್ನೆಯರು ಕುಣಿಯುವಾಗ, ಅಜ್ಜಿಯ ಪೆಟ್ಟಿಗೆ ತೆರೆಯುತ್ತದೆ. ಒಂದು ಕಾಲಕ್ಕೆ ದಾರಿಯನ್ನೇ ಮನೆಯಾಗಿಸಿದ್ದ ಉಡುಗೆಗೆ ಈಗ ಆ ಪೆಟ್ಟಿಗೆಯೇ ಮನೆ.