ಧರಮಪೇಠದಲ್ಲಿ ಡೆರ್, ಡೀ, ಡಾಸ್

ನಾಗಪುರದ ಆಕ್ವಾ ಲೈನ್ ಮೆಟ್ರೋದಲ್ಲಿ ಶಂಕರನಗರ, ಎಲ್‌ಎಡಿ ಚೌಕ, ಧರಮಪೇಠ ಕಾಲೇಜು ಸಾಲಾಗಿ ಬರುವ ನಿಲ್ದಾಣಗಳು. ಇಳಿದರೆ ಕಾಲೇಜು ಹುಡುಗ ಹುಡುಗಿಯರು, ಕೋಚಿಂಗ್ ಬೋರ್ಡುಗಳು. ಆಚೆಗೆ ಟ್ರಾಫಿಕ್ ಪಾರ್ಕ್, ಗೋಕುಲಪೇಠದ ಮಾರುಕಟ್ಟೆ. 2020ರ ಶಿಕ್ಷಣ ನೀತಿ ಬಂದಮೇಲೆ ಪದವಿಯಲ್ಲಿ ಮುಖ್ಯ ವಿಷಯದ ಜೊತೆಗೆ ಮೈನರ್ ಒಂದನ್ನೂ ಓದಬಹುದು. ಜರ್ಮನ್ ತೆಗೆದುಕೊಳ್ಳಲೇ ಎಂದು ಕೇಳುವ ಮಕ್ಕಳು ನಮ್ಮ ಕನ್ನಡ ಮನೆಗಳಲ್ಲೂ ಇದ್ದಾರೆ.

ಇಲ್ಲಿನ ಮರಾಠಿ ಮಕ್ಕಳಿಗೆ ಒಂದು ಅನುಕೂಲವಿದೆ. ಮರಾಠಿಯಲ್ಲಿ ಬಾಗಿಲು ಪುಲ್ಲಿಂಗ, ಕುರ್ಚಿ ಸ್ತ್ರೀಲಿಂಗ, ಮನೆ ನಪುಂಸಕ. ಜರ್ಮನ್‌ನಲ್ಲೂ ಮೇಜು ಗಂಡು, ಬಾಗಿಲು ಹೆಣ್ಣು. ಹುಡುಗಿ ಮಾತ್ರ ನಪುಂಸಕ! ವಸ್ತುಗಳನ್ನೆಲ್ಲ ‘ಅದು’ ಎನ್ನುವ ನಮಗೆ ಇದು ತಲೆನೋವೇ. ಆದರೆ ‘ಏಕೆಂದರೆ’ ಎಂದು ಶುರುವಾಗುವ ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಥೇಟ್ ಕನ್ನಡದ ಹಾಗೆ. ‘ಮಗು’ವಂತೂ ಮೂರು ಭಾಷೆಯಲ್ಲೂ ನಪುಂಸಕವೇ.

ಈ ದಾರಿಯಲ್ಲಿ ಎದುರಿನಿಂದ ಬಂದವರೂ ಇದ್ದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಜರ್ಮನ್ ಮನೆಮಾತಿನವರು ಕನ್ನಡ ಓದಿ ಬರೆದರು. ನಮ್ಮ ಎಷ್ಟೋ ಮಕ್ಕಳು ಕನ್ನಡ ಆಡುತ್ತಾರೆ, ಓದಲಾರರು.

ಜರ್ಮನ್ ಬೇಡ ಎನ್ನಬೇಕಾಗಿಲ್ಲ. ಅದರ ಜೊತೆಗೆ ಭಾನುವಾರ ಅರ್ಧ ಗಂಟೆ ಕನ್ನಡ ಅಕ್ಷರಕ್ಕೂ ಕೊಡಿ ಎನ್ನೋಣ. ದೇವನಾಗರಿ ಬಲ್ಲ ಮಗುವಿಗೆ ಕ, ಖ, ಗ, ಘದ ಕ್ರಮ ಆಗಲೇ ಬಾಯಲ್ಲಿದೆ. ಹೊಸದಾಗಿ ಕಲಿಯಬೇಕಾದದ್ದು ಅಕ್ಷರಗಳ ಆಕಾರ, ಜೊತೆಗೆ ಎ, ಒ ಎಂಬ ಎರಡು ಹ್ರಸ್ವ ಸ್ವರ.